ಹೆಡ್‌ಫೋನ್ ಬದಲಿಸಬೇಕಾ, ಪ್ಯಾಡ್ ಬದಲಿಸಿದರೆ ಸಾಕಾ?

ಜುಲೈ ಬಂತು ಅಂದರೆ ಚಿಕ್ಕಮಗಳೂರಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಬೀರುವಿನ ಹಿಂದೆ ಬೂಷ್ಟು. ಈ ಸಲ ನನ್ನ ಹೆಡ್‌ಫೋನಿನ ಸರದಿ. ಬೂಷ್ಟಲ್ಲ, ಸಿಪ್ಪೆ. ಕಿವಿಗೆ ಕೂರುವ ಪ್ಯಾಡಿನ ಕಪ್ಪು ಪದರ ಏಳೋಕೆ ಶುರುವಾಗಿದೆ. ತೆಗೆದಿಟ್ಟ ಮೇಲೂ ಕತ್ತಿಗೆ, ಕಾಲರಿಗೆ, ಕಿವಿಯ ಮಡಿಕೆಗೆ ಚೂರು ಅಂಟಿಕೊಂಡಿರುತ್ತವೆ. ತಲೆಯಲ್ಲಿ ಕರೀ ಹೊಟ್ಟು ಎಲ್ಲಿಂದ ಬಂತು ಅಂತ ಮನೆಯಲ್ಲಿ ಕೇಳಿದ್ದೂ ಆಯ್ತು. ಸರಿ, ಹೊಸದು ತಗೊಂಡೇ ಬಿಡೋಣ ಅಂತ ರಾತ್ರಿ ಕೂತು ಫೋನಿನಲ್ಲಿ ನೋಡುತ್ತಾ ಹೋದರೆ 30 ಸಾವಿರದ ಹತ್ತಿರ ಬಂದು ನಿಂತಿದ್ದೆ.

ಆಮೇಲೆ ಯೋಚನೆ ಬಂತು. ಕೆಟ್ಟಿರೋದು ಏನು? ಪ್ಯಾಡ್ ತಾನೇ?

ಪ್ಯಾಡಿನ ಮೇಲ್ಪದರವನ್ನು ಪ್ರೋಟೀನ್ ಲೆದರ್ ಅಂತ ಹೆಸರಿಟ್ಟು ಮಾರುತ್ತಾರಲ್ಲ, ಅದು ಸಾಮಾನ್ಯವಾಗಿ ಬಟ್ಟೆಯ ಮೇಲೆ ಹಚ್ಚಿದ ಪಾಲಿಯುರಿಥೇನ್ ಪದರ. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ನಿಧಾನಕ್ಕೆ ಬಿಡಿಸುತ್ತದೆ. ಬೆವರು, ತಲೆಗೆ ಹಚ್ಚಿದ ಎಣ್ಣೆ ಸೇರಿದರೆ ಇನ್ನೂ ಬೇಗ. ಬಳಸದೆ ಡಬ್ಬದಲ್ಲಿ ಇಟ್ಟರೂ ಬಿಡುವುದಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ಗಟ್ಟಿಯಾಗಿ ಉಳಿದರೇ ಆಶ್ಚರ್ಯ, ಅಲ್ವಾ? 30 ಸಾವಿರದ ಹೆಡ್‌ಫೋನಿಗೂ ಹೆಚ್ಚುಕಡಿಮೆ ಇದೇ ಪದರ ಇರುತ್ತದೆ, ಅದಕ್ಕೂ ಇದೇ ಗತಿ.

ಪ್ಯಾಡ್ ಬರೀ ಮೆತ್ತೆಯಲ್ಲ. ಕ್ಲೋಸ್ಡ್ ಬ್ಯಾಕ್, ಅಂದರೆ ಹೊರಬದಿ ಮುಚ್ಚಿರುವ ಹೆಡ್‌ಫೋನಿನಲ್ಲಿ ಬೇಸ್ (ತಗ್ಗು ದನಿ) ಬರಬೇಕಾದರೆ ಕಿವಿಯ ಸುತ್ತ ಗಾಳಿ ಸೋರಬಾರದು. ಮೃದಂಗದ ಎಡಗಡೆಯ ಪೆಟ್ಟು ಸ್ಪಷ್ಟವಾಗಿ ಕೇಳುವ ಒಂದು ರೆಕಾರ್ಡಿಂಗ್ ಹಾಕಿಕೊಂಡು, ಎರಡೂ ಕಿವಿಯ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ಆ ಪೆಟ್ಟು ಥಟ್ಟನೆ ತುಂಬಿಕೊಂಡು, ಕೈ ಬಿಟ್ಟ ಕೂಡಲೇ ಟೊಳ್ಳಾದರೆ ನಿಮ್ಮ ಪ್ಯಾಡ್ ಸೋರುತ್ತಿದೆ ಅಂತ ಅರ್ಥ. ನನ್ನದು ಹಾಗೇ ಆಯಿತು. ಕನ್ನಡಕದ ಕಡ್ಡಿ ಹಾದುಹೋಗುವ ಜಾಗದಲ್ಲಿ ಫೋಮ್ ಕುಸಿದು ಸಣ್ಣ ಕಾಲುವೆಯೇ ಆಗಿದೆ. ಇತ್ತೀಚೆಗೆ ಹಾಡುಗಳೆಲ್ಲ ತೆಳ್ಳಗೆ ಕೇಳ್ತಿವೆ, ಒಳಗೆ ಸದ್ದು ಹೊರಡಿಸುವ ಡ್ರೈವರ್ ಹೋಗಿರಬೇಕು ಅಂದುಕೊಂಡಿದ್ದಕ್ಕೆ ಕಾರಣ ಇದು. ವೆಲ್ವೆಟ್ ಥರದ ಪ್ಯಾಡ್ ಹಾಕಿದರೆ ಸಿಪ್ಪೆ ಏಳುವುದಿಲ್ಲ, ಸೆಕೆಯೂ ಕಡಿಮೆ, ಆದರೆ ಗಾಳಿ ಸೋರಿ ಬೇಸ್ ಇಳಿಯುತ್ತದೆ. ನನಗೆ ಅದು ಬೇಡ.

ಇನ್ನು ಹೊಸದರ ಆಸೆಗೆ ಇದ್ದ ನಿಜವಾದ ಕಾರಣ ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ಅಳಿಸುವ ತಂತ್ರ. ನಾನು ಮನೆಯಿಂದ ಕೆಲಸ ಮಾಡೋನು, ಕೂರುವ ಕೋಣೆಗೆ ತಗಡಿನ ಶೀಟು. ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವಾಗ ಎದುರಿಗೆ ಕೂತವರ ಮಾತೂ ಕೇಳಲ್ಲ. ಆದರೆ ಈ ತಂತ್ರ ಚೆನ್ನಾಗಿ ಕೆಲಸ ಮಾಡುವುದು ಒಂದೇ ಸಮನೆ ಗುಂಯ್ ಅನ್ನುವ ತಗ್ಗು ದನಿಯ ಮೇಲೆ: ಬಸ್ಸಿನ ಇಂಜಿನ್, ಫ್ಯಾನ್, ವಿಮಾನ. ಮೈಕ್ ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ತಿರುಗುಮುರುಗಾದ ಅಲೆಯನ್ನು ಕಿವಿಯೊಳಗೆ ಬಿಟ್ಟು, ಎರಡೂ ಒಂದನ್ನೊಂದು ಹೊಡೆದು ಹಾಕುವಂತೆ ಮಾಡುವ ಕೆಲಸ ಅದು. ದನಿ ಮೇಲೇರಿದಷ್ಟೂ ಅಲೆ ಚಿಕ್ಕದು, ಲೆಕ್ಕ ತಪ್ಪುವುದು ಸುಲಭ. ತಗಡಿನ ಮೇಲಿನ ಮಳೆಯಲ್ಲಿ ತಗ್ಗೂ ಇದೆ, ಚಟಪಟ ಅನ್ನುವ ಮೇಲಿನ ದನಿಯೂ ಇದೆ. ತಗ್ಗನ್ನು ತೆಗೆಯುತ್ತದೆ, ಚಟಪಟವನ್ನು ತಡೆಯಬೇಕಾದ್ದು ಮತ್ತೆ ಅದೇ ಪ್ಯಾಡು. ಅದಕ್ಕಿಂತ ಕಿವಿಯೊಳಗೆ ಬಿಗಿಯಾಗಿ ಕೂರುವ ಫೋಮ್ ತುದಿಯ ಸಾದಾ ವೈರಿನ ಇಯರ್‌ಫೋನ್ ಮಳೆಗೆ ಒಳ್ಳೇದು. ಬೆಲೆಯೂ ಎಷ್ಟೋ ಕಡಿಮೆ.

ಮೀಟಿಂಗ್ ವಿಷಯವನ್ನು ಅಂಗಡಿಯವರು ಯಾಕೋ ಹೇಳುವುದೇ ಇಲ್ಲ. ಎಷ್ಟೇ ದುಬಾರಿ ಬ್ಲೂಟೂತ್ ಹೆಡ್‌ಫೋನ್ ಆಗಲಿ, ಲ್ಯಾಪ್‌ಟಾಪ್ ಅದರ ಮೈಕ್ ಆನ್ ಮಾಡಿದ ಕೂಡಲೇ ಸಂಪರ್ಕ ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಸ್ಟೀರಿಯೋ ಹೋಗಿ ಮೋನೋ, ದನಿ ಡಬ್ಬದೊಳಗಿಂದ ಬಂದಂತೆ. ಎಲ್‌ಇ ಆಡಿಯೋ ಅನ್ನುವ ಹೊಸ ಬ್ಲೂಟೂತ್ ವಿಧಾನ ಇದನ್ನು ಸರಿಮಾಡುತ್ತದೆ, ಆದರೆ ಲ್ಯಾಪ್‌ಟಾಪು, ಹೆಡ್‌ಫೋನು ಎರಡರಲ್ಲೂ ಅದು ಇರಬೇಕು. ಬ್ಲೂಟೂತಿನಲ್ಲಿ ಹೆಚ್ಚು ಗುಣಮಟ್ಟದ ದನಿ ಕಳಿಸುವ ಸೋನಿಯ ಎಲ್‌ಡಿಎಸಿಯೂ ಹಾಗೇ. 990 ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾದ ಲೆಕ್ಕ) ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಐಫೋನಿನಲ್ಲಿ ಅದು ಇಲ್ಲವೇ ಇಲ್ಲ. ಆಂಡ್ರಾಯ್ಡ್‌ನಲ್ಲೂ ಸಿಗ್ನಲ್ ಗಲಾಟೆ ಇರುವ ಕಡೆ 330ಕ್ಕೆ ಇಳಿದುಬಿಡಬಹುದು. ನಾನು ಜಾಸ್ತಿ ಕೇಳೋದು ಹಳೇ ಕ್ಯಾಸೆಟ್‌ನಿಂದ ಯಾರೋ ಯೂಟ್ಯೂಬಿಗೆ ಏರಿಸಿದ ಯಕ್ಷಗಾನ. ಒಳ್ಳೇ ಹೆಡ್‌ಫೋನ್ ಹಾಕಿದರೆ ಚೆಂಡೆಗಿಂತ ಕ್ಯಾಸೆಟ್ಟಿನ ಸುಯ್ ಸದ್ದೇ ಚೆನ್ನಾಗಿ ಕೇಳುತ್ತೆ, ಅಷ್ಟೇ ಲಾಭ.

(ವೈರಿಗೆ ಇನ್ನೊಂದು ಉಪಯೋಗ ಇದೆ. ಎಫ್‌ಎಂ ಇರುವ ಫೋನಿನಲ್ಲಿ ವೈರೇ ಆಂಟೆನಾ. ಬ್ಲೂಟೂತ್ ಹಾಕಿಕೊಂಡು ಹಾಸನ ಆಕಾಶವಾಣಿ ಹಿಡೀರಿ ನೋಡೋಣ.)

ಹೊಸ ಮಾಡೆಲ್ ಬಂತು ಅನ್ನುವುದನ್ನು ನಾನು ಕಾರಣವಾಗಿ ಒಪ್ಪುವುದಿಲ್ಲ. ಸೋನಿಯ ವೈರ್‌ಲೆಸ್ ಸಾಲನ್ನೇ ನೋಡಿ: ಎಕ್ಸ್‌ಎಂ3 2018ರಲ್ಲಿ, ಎಕ್ಸ್‌ಎಂ4 2020ರಲ್ಲಿ, ಎಕ್ಸ್‌ಎಂ5 2022ರಲ್ಲಿ, ಎಕ್ಸ್‌ಎಂ6 2025ರಲ್ಲಿ. ಅದೇ ಕಂಪನಿಯ ವೈರಿನ ಎಂಡಿಆರ್-7506 ಬಂದಿದ್ದು 1991ರಲ್ಲಿ, ಸ್ಟುಡಿಯೋಗಳಲ್ಲಿ ಇವತ್ತಿಗೂ ಅದನ್ನೇ ಹಾಕಿಕೊಂಡು ಕೂರುತ್ತಾರೆ. ಸೆನ್‌ಹೈಸರ್ ಎಚ್‌ಡಿ 600 1997ರದ್ದು. ವೈರಿನ ಹೆಡ್‌ಫೋನಿನಲ್ಲಿ ಸವೆಯುವುದು ಮುಖ್ಯವಾಗಿ ಪ್ಯಾಡು, ಕೇಬಲ್ಲು. ವೈರ್‌ಲೆಸ್‌ನಲ್ಲಿ ಅವುಗಳ ಜೊತೆ ಬ್ಯಾಟರಿಯೂ ಸೇರಿಕೊಳ್ಳುತ್ತದೆ. ಅದನ್ನು ಬಿಚ್ಚಿ ಬದಲಿಸಿಕೊಡುವವರು ನಮ್ಮೂರಲ್ಲಿ ಸುಲಭಕ್ಕೆ ಸಿಗಲ್ಲ.

ಹಾಗಾಗಿ ನನ್ನ ಮಟ್ಟಿಗೆ ಹೊಸ ಪ್ಯಾಡು, ಮಳೆಗೆ ಒಂದು ಇಯರ್‌ಫೋನು. ಆದರೆ ದಿನಾ ಬೇಲೂರು ಮೇಲೆ ಹಾಸನಕ್ಕೆ ಬಸ್ಸಲ್ಲಿ ಓಡಾಡುವ ನನ್ನ ಚಿಕ್ಕಪ್ಪನ ಮಗ ಕೇಳಿದಾಗ, ತಗೋ ಅಂತಲೇ ಹೇಳಿದೆ. ಅವನು ಕೂರುವುದು ಇಂಜಿನ್ ಪಕ್ಕದ ಸೀಟಿನಲ್ಲಿ. ಆ ಗದ್ದಲ ಮುಚ್ಚೋಕೆ ವಾಲ್ಯೂಮ್ ಕೊನೆವರೆಗೂ ಏರಿಸುತ್ತಾನೆ, ಪಕ್ಕದವರಿಗೂ ಹಾಡು ಕೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಿವಿ ಕೆಡದ ಹಾಗೆ ದೊಡ್ಡವರು ಕೇಳಬಹುದಾದ್ದು ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್‌ನಲ್ಲಿ. ಸದ್ದು ಏರಿದಂತೆ ಗಂಟೆ ಇಳಿಯುತ್ತಾ ಹೋಗುತ್ತದೆ. ಅವನಿಗೆ ನಾಯ್ಸ್ ಕ್ಯಾನ್ಸಲಿಂಗ್ ಶೋಕಿಯಲ್ಲ. ಎಕ್ಸ್‌ಎಂ5 ಮಡಚಲ್ಲ, ಟಿಫಿನ್ ಬಾಕ್ಸು, ಛತ್ರಿ ಇರುವ ಬ್ಯಾಗಿಗೆ ತುರುಕೋಕೆ ಕಷ್ಟ, ಮಡಚೋ ಎಕ್ಸ್‌ಎಂ4 ಈಗ ಕಡಿಮೆಗೆ ಸಿಕ್ಕಿದರೆ ಅದನ್ನೇ ನೋಡು ಅಂದಿದ್ದೇನೆ.