ಜನವರಿಯ ಸೊನ್ನೆಗಳು

ನನ್ನ ಪಿಎಚ್‌ಡಿ ಮಂಗನ ಕಾಯಿಲೆಯ ಮೇಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಜ್ವರ ಇದು. ಹರಡೋದು ಉಣುಗಿನಿಂದ. ಹಾಗಂತ ನಾನು ಕಾಡು ಅಲೆಯುವವಳಲ್ಲ. ಬೆಂಗಳೂರಿನ ಲ್ಯಾಬಿನಲ್ಲಿ ಕೂತು, ಎಲ್ಲಿ ಮಂಗ ಸತ್ತಿದೆ, ಎಲ್ಲಿ ಜನಕ್ಕೆ ಜ್ವರ ಬಂದಿದೆ ಅನ್ನೋ ವಾರವಾರದ ಲೆಕ್ಕವನ್ನು ಬೇಸಿಯನ್ ಮಾಡೆಲ್ಲಿಗೆ ಉಣಿಸುತ್ತೇನೆ. ಮೊದಲೇ ಗೊತ್ತಿರೋದನ್ನೂ ಡೇಟಾವನ್ನೂ ಸೇರಿಸಿ ಅಂದಾಜು ಮಾಡೋ ಲೆಕ್ಕ ಅದು.

ಈ ಕಾಯಿಲೆಯ ಸೀಸನ್ನೇ ಡಿಸೆಂಬರಿನಿಂದ ಮೇವರೆಗೆ. ಆದರೆ ನನ್ನ ಟೇಬಲ್ಲಿನಲ್ಲಿ ಒಂದು ಕಡೆ ಜನವರಿ ಪೂರ್ತಿ ಸೊನ್ನೆ. ಜನಕ್ಕೆ ಜ್ವರ ಇದೆ, ಸತ್ತ ಮಂಗ ಒಂದೂ ಇಲ್ಲ. ಇಂಥ ಮಾಡೆಲ್ ಓಡಿಸೋ ಸಾಫ್ಟ್‌ವೇರ್ ಸ್ಟ್ಯಾನ್. ಅದರಲ್ಲಿ ನಾಲ್ಕು ಚೈನ್, ಅಂದರೆ ಬೇರೆ ಬೇರೆ ಕಡೆಯಿಂದ ಹೊರಟು ಒಂದೇ ಉತ್ತರಕ್ಕೆ ಬರಬೇಕಾದ ನಾಲ್ಕು ಹುಡುಕಾಟ, ಓಡಿಸಿದರೆ ನಾಲ್ಕೂ ನಾಲ್ಕು ದಿಕ್ಕಿಗೆ. ಮೂರು ವಾರ ಸುಮ್ನೆ ಕೋಡ್ ತಿದ್ದಿದೆ. ತಪ್ಪು ಕೋಡಿನದಾಗಿರಲಿಲ್ಲ. ಆ ಸೊನ್ನೆಗೆ ಎರಡು ಅರ್ಥ: ಮಂಗ ಸಾಯಲಿಲ್ಲ, ಇಲ್ಲವೇ ಸತ್ತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಬರೀ ಡೇಟಾ ನೋಡಿ ಇವೆರಡನ್ನು ಬಿಡಿಸೋಕೆ ಬರಲ್ಲ. ಹೊರಗಿನ ತಿಳಿವಳಿಕೆ ಬೇಕು. ಪ್ರಯರ್ ಅಂದರೆ ಅದೇ ಅಲ್ವಾ.

ಬೇಜಾರಾಗಿ ಊರಿಗೆ ಹೋದೆ. ಸಾಗರದ ಹತ್ತಿರ ನಮ್ಮೂರು. ಚಿಕ್ಕಪ್ಪ ಅಡಿಕೆ ಸುಲಿಯುತ್ತಿದ್ದರು. ನನ್ನ ಗೋಳು ಕೇಳಿ, ಮೆಟ್ಟುಗತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು:

“ಜನವರಿ ಅಡಿಕೆ ಕೊನೆಕೊಯ್ಲಲ್ಲಿ ಬೆಟ್ಟಕ್ಕೆ ಯಾರು ಹೋಗ್ತಾರೆ ಮಾರಾಯ್ತಿ? ದರಕೆಲೆ ಗುಡಿಸೋಕೆ ಹೋದಾಗ್ಲೇ ಸತ್ತ ಮಂಗ ಕಾಣೋದು. ಇಲ್ಲಾಂದ್ರೆ ವಾಸ್ನೆ ರಸ್ತೆವರೆಗೆ ಬರ್ಬೇಕು.”

“ಹತ್ತು ಸತ್ರೆ ಎಷ್ಟು ಗೊತ್ತಾಗುತ್ತೆ ಚಿಕ್ಕಪ್ಪ?”

“ಬೇಸಿಗೇಲಿ ನಾಕೈದು. ಈಗ ಒಂದು ಗೊತ್ತಾದ್ರೆ ಹೆಚ್ಚು.”

ಮಂಡಿ ಚೀಟಿಯ ಹಿಂದೆ ಬರೆದುಕೊಂಡೆ: ಬೀಟಾ 1, 9. ಕಂಡದ್ದು ಒಂದು, ಕಾಣದ್ದು ಒಂಬತ್ತು ಅಂತ ಮಾಡೆಲ್ಲಿಗೆ ಹೇಳೋ ರೀತಿ. ಎಲ್ಲ ತಿಂಗಳೂ ಮಂಗ ಒಂದೇ ಥರ ಕಣ್ಣಿಗೆ ಬೀಳುತ್ತೆ ಅಂತ ನಾನು ಮೊದಲು ಮಾಡೆಲ್ಲಿನಲ್ಲಿ ಬರೆದಿದ್ದೆ. ಅಡಿಕೆ ಮನೆಯಲ್ಲಿ ಹುಟ್ಟಿಯೂ ಇದು ಹೊಳೆಯಲಿಲ್ಲವಲ್ಲ!

ಸೋಮವಾರ ಮತ್ತೆ ಓಡಿಸಿದೆ. ನಾಲ್ಕೂ ಚೈನ್ ಒಂದೇ ಕಡೆ ಸೇರಿದವು. ಅವು ಎಷ್ಟು ಒಪ್ಪುತ್ತವೆ ಅಂತ ಅಳೆಯೋ ಆರ್-ಹ್ಯಾಟ್ 1.01ರ ಒಳಗೆ; 1 ಅಂದರೆ ಪೂರ್ತಿ ಒಪ್ಪಿಗೆ. ಅಂದಾಜು ಎಷ್ಟು ಆಚೀಚೆ ಆಗಬಹುದು ಅಂತ ತೋರಿಸೋ ಗ್ರಾಫಿನ ಬೂದು ಪಟ್ಟಿ ಮಾತ್ರ ಜನವರಿಯಲ್ಲಿ ಕಪ್ಪೆ ನುಂಗಿದ ಹಾವಿನ ಹಾಗೆ ಉಬ್ಬಿತ್ತು. ಅಂದರೆ ಅಲ್ಲಿ ಏನು ಬೇಕಾದರೂ ಆಗಿರಬಹುದು. ಸೊನ್ನೆಗಿಂತ ಅದೇ ಜಾಸ್ತಿ ನಿಜ ಅನ್ನಿಸಿತು.

“ಒಬ್ಬರ ಮಾತಿಗೆ ಇಷ್ಟು ತೂಕನಾ? ಇನ್ನೂ ನಾಲ್ಕು ಊರಲ್ಲಿ ಕೇಳಿ ಬಾ” ಅಂದರು ಗೈಡ್. ಅದೂ ಸರಿಯೇ. 1 ಮತ್ತು 9 ಕೂಡಿದರೆ 10. ಕಾಡಲ್ಲಿ ಸತ್ತ ಹತ್ತು ಮಂಗನ ಗತಿ ಏನಾಯ್ತು ಅಂತ ಒಂದೊಂದಾಗಿ ನೋಡಿ ಬಂದಷ್ಟು ಬೆಲೆ ಆ ಮಾತಿಗೆ ಕೊಟ್ಟ ಹಾಗಾಯಿತು.

ರಾತ್ರಿ ಚಿಕ್ಕಪ್ಪನ ಫೋನ್. “ನಾ ಹೇಳಿದ್ದು ನಿನ್ನ ಲೆಕ್ಕದಲ್ಲಿ ಎಷ್ಟಕ್ಕೆ ಬಂತು?”

“ಹತ್ತು ಮಂಗಕ್ಕೆ.”

“ಅಷ್ಟೇನಾ?” ಅಂದರು.