ಬಾರದ ಬಸ್ಸಿನ ನಂಬರ್

ರಾತ್ರಿ ಎಂಟೂಮುಕ್ಕಾಲು. ಹಗಲೆಲ್ಲ 'ಪಿರ ಪೋಲೆ, ಪಿರ ಪೋಲೆ' ಎಂದು ಜನರನ್ನು ಹಿಂದಕ್ಕೆ ತಳ್ಳುವ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ಇದೇನಾ ಅನ್ನಿಸುವಷ್ಟು ಖಾಲಿ. ಬೋಂದೆಲ್ ಬಸ್ಸಿಗೆ ಐದಾರು ಜನ ಕಾಯುತ್ತಿದ್ದೆವು. ನನ್ನ ಪಕ್ಕ ಖಾಲಿ ಮೀನಿನ ಬುಟ್ಟಿ ಇಟ್ಟುಕೊಂಡು ಒಬ್ಬರು ಅಜ್ಜಿ.

ಬೇರೆ ರೂಟಿನ ಕಂಡಕ್ಟರ್ ಒಬ್ಬ ಕಂಡ. ಕೇಳಿದೆ.

"ಅದು ಕಟ್ ಅಕ್ಕ. ಈ ಹೊತ್ತಿಗೆ ಕಲೆಕ್ಷನ್ ಇಲ್ಲ, ಡೀಸೆಲಿಗೂ ಆಗುದಿಲ್ಲ ಮಾರ್ರೆ."

ಅವನಿಗೆ ಬೈಯಲು ಮನಸ್ಸಾಗಲಿಲ್ಲ. ಟಿಕೆಟ್ ದುಡ್ಡೇ ಬಸ್ಸಿನ ಜೀವ ಆದಮೇಲೆ ಬೆಳಿಗ್ಗೆ ಮುಂದಿನ ಬಸ್ಸನ್ನು ಹಿಂದೆ ಹಾಕಲು ಓಡಿಸುತ್ತಾರೆ, ರಾತ್ರಿ ಟ್ರಿಪ್ಪನ್ನೇ ಕೈಬಿಡುತ್ತಾರೆ. ಅಜ್ಜಿ, ನಾನು, ಇನ್ನೊಬ್ಬರು ಸೇರಿ ರಿಕ್ಷಾ ಮಾಡಿದೆವು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಮಂಗಳೂರಲ್ಲಿ ಓಡುವ ಸಿಟಿ ಬಸ್ಸುಗಳಲ್ಲಿ ಜಾಸ್ತಿ ಖಾಸಗಿಯವೇ ಅಲ್ವಾ?

ಮರುದಿನ ರಜೆ ಹಾಕಿ ಸಂಬಂಧಪಟ್ಟ ಕಚೇರಿಗೆ ಹೋದೆ. ನಮ್ಮಲ್ಲಿ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಅಧ್ಯಕ್ಷರು ಜಿಲ್ಲಾಧಿಕಾರಿ. ಪ್ರವಾಹ, ಚುನಾವಣೆ, ಭೂಮಿ ತಕರಾರುಗಳ ನಡುವೆ ಬೋಂದೆಲ್‌ನ ಕೊನೆಯ ಟ್ರಿಪ್ಪನ್ನು ಅವರು ಯಾವಾಗ ನೋಡಬೇಕು? ಪರ್ಮಿಟ್ ಕೊಡೋರು ಒಬ್ಬರು, ಬಸ್ ಓಡಿಸೋರು ಇನ್ನೊಬ್ಬರು, ರಸ್ತೆ, ಶೆಲ್ಟರ್ ನೋಡೋರು ಮತ್ತೊಬ್ಬರು. ಊರಿನ ಬಸ್ಸಿಗೆಂದೇ ಕೂತು ವೇಳಾಪಟ್ಟಿ ಹಾಕಿ, ಟ್ರಿಪ್ ಎಣಿಸುವವರು ಬೇಕು. ಮಾಲೀಕರಿಗೂ ಟಿಕೆಟ್ ಲೆಕ್ಕ ಬಿಟ್ಟು, ಓಡಿಸಿದ ಕಿಲೋಮೀಟರಿಗೆ ಇಷ್ಟು ಅಂತ ಕೊಟ್ಟರೆ ರಾತ್ರಿ ಬಸ್ಸೂ ಬಂದೀತು. ಬೆಂಗಳೂರಿಗೆ 1997ರಲ್ಲೇ ಬೇರೆ ಬಸ್ ನಿಗಮ ಆಯಿತು, ಆಮೇಲೆ ಊರಿನ ಓಡಾಟವನ್ನೆಲ್ಲ ಒಟ್ಟಿಗೆ ನೋಡಲು ಭೂಸಾರಿಗೆ ಪ್ರಾಧಿಕಾರದ ಕಾನೂನೂ ಬಂತು. ನಮಗೆ ಅಷ್ಟು ದೊಡ್ಡದು ಬೇಡ, ಒಂದು ಪುಟ್ಟ ಕಚೇರಿ ಸಾಕು.

ಗುಮಾಸ್ತರು ಒಳ್ಳೆಯವರು. ಫೈಲು ತಿರುವಿ ತೋರಿಸಿದರು. ಪಟ್ಟಿಯಲ್ಲಿ ಆ ಟ್ರಿಪ್ ಇತ್ತು! ಹೊರಡುವ ಸಮಯ, ತಲುಪುವ ಸಮಯ, ಎಲ್ಲ ಚೆಂದಕ್ಕೆ ಟೈಪ್ ಆಗಿತ್ತು.

"ಅರ್ಜಿ ಕೊಡಿ ಮೇಡಂ. ಬಸ್ಸಿನ ನಂಬರ್ ಬರೆಯಲೇಬೇಕು."

"ಬಾರದ ಬಸ್ಸಿನ ನಂಬರ್ ನಾನು ಎಲ್ಲಿಂದ ನೋಡುದು ಸರ್?"

ಅವರು ನಕ್ಕರು. ನಾನೂ ನಕ್ಕೆ. ಆ ಜಾಗದಲ್ಲಿ ಒಂದು ಗೆರೆ ಎಳೆದು, ಸಹಿ ಹಾಕಿ, ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದೆ.