4,29,49,67,297ರ ಜೊತೆ ಮೂರು ಭಾನುವಾರ

ಮೊದಲ ಭಾನುವಾರ. ಈ ಸಲ ಹಿಡಿದುಕೊಂಡಿದ್ದು 2ರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ಸಂಖ್ಯೆ. 2ರ ಘಾತವನ್ನು 1, 2, 4, 8, 16 ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ ಪ್ರತಿಸಲ ಒಂದು ಕೂಡಿಸಿದರೆ ಬರುವವು ಫರ್ಮಾ ಸಂಖ್ಯೆಗಳು. ಆ ಸಾಲಿನಲ್ಲಿ ಇದಕ್ಕೂ ಹಿಂದಿನ ಐದು, ಅಂದರೆ 3, 5, 17, 257, 65537, ಎಲ್ಲವೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆ ಅಂತ 1640ರಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದು ತೋರಿಸಿದರು. ಉತ್ತರ ಗೊತ್ತಿದ್ದದ್ದೇ. ಆದರೂ ಒಮ್ಮೆ ಕೈಯಲ್ಲೇ ಮಾಡಿ ನೋಡಬೇಕು ಅನ್ನಿಸಿತು.

ಪೆನ್ಸಿಲ್ ಹಿಡಿಯುವ ಮೊದಲು ಸುಮ್ನೆ ಕಂಪ್ಯೂಟರ್ ಭಾಷೆ ಪೈಥಾನ್‌ನಲ್ಲಿ ಒಂದು ಪರೀಕ್ಷೆ. ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆ ಘಾತಕ್ಕೆ 2ನ್ನು ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರಬೇಕು. ಬಂತು! ಮೋಸ ಇರುವುದೇ ಅಲ್ಲಿ: ಫರ್ಮಾ ಸಂಖ್ಯೆ ಯಾವುದೇ ಆಗಲಿ, 2 ಹಾಕಿದರೆ ಪಾಸಾಗುತ್ತದೆ. 2ರ ಬದಲು 3 ಹಾಕಿದೆ. ಶೇಷ 1 ಅಲ್ಲ, 3029026160. ಬಣ್ಣ ಬಯಲಾಯಿತು.

ಎರಡನೇ ಭಾನುವಾರ. ಆಯ್ಲರ್ ಕಂಡುಕೊಂಡ ಪ್ರಕಾರ ಇದನ್ನು ಭಾಗಿಸುವ ಅವಿಭಾಜ್ಯ ಯಾವುದಿದ್ದರೂ 64ರ ಮಗ್ಗಿಗಿಂತ ಒಂದು ಜಾಸ್ತಿ ಇರಬೇಕು. ಹಾಗಾಗಿ 193, 257, 449, 577, 641 ಹೀಗೆ ನೋಡುತ್ತಾ ಹೋದರೆ ಸಾಕು. 193ರಿಂದ ಉದ್ದ ಭಾಗಾಕಾರ ಎರಡು ಸಲ ಮಾಡಿದೆ, ಎರಡು ಬೇರೆ ಶೇಷ ಬಂತು. ಒಂದು ಪುಟ ಹಾಳು. ಆಮೇಲೆ ಹೊಳೆಯಿತು, ಇಷ್ಟು ದೊಡ್ಡದನ್ನು ಭಾಗಿಸುವುದೇ ಬೇಡ ಅಲ್ವಾ? 2ರ 32ನೇ ಘಾತ ಅಂದರೆ 65536ರ ವರ್ಗವೇ, ಹಾಗಾಗಿ 65536ರ ಶೇಷ ತೆಗೆದು, ಅದನ್ನು ವರ್ಗ ಮಾಡಿ, ಒಂದು ಕೂಡಿಸಿದರೆ ಆಯಿತು. 193ಕ್ಕೆ 109, 257ಕ್ಕೆ 2, 449ಕ್ಕೆ 325, 577ಕ್ಕೆ 288 ಉಳಿಯಿತು. 641ಕ್ಕೆ ಬಂದಾಗ 65536ರ ಶೇಷ 154. ಅದರ ವರ್ಗ 23716, ಅದರ ಶೇಷ 640. ಒಂದು ಕೂಡಿಸಿದರೆ ಸರಿಯಾಗಿ 641! ಐದನೇ ಪ್ರಯತ್ನಕ್ಕೇ ಬಿತ್ತು. ಫರ್ಮಾ ಇದನ್ನು ಹೇಗೆ ಬಿಟ್ಟರೋ.

ಮೂರನೇ ಭಾನುವಾರ. 641ರಿಂದ ಭಾಗಿಸಿದರೆ ಸಿಗುವ ಇನ್ನೊಂದು ತುಂಡು 6700417. ಇದು ಇನ್ನೂ ಒಡೆಯುತ್ತದೆಯಾ? 1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ 64ರ ಜಾಗಕ್ಕೆ 128 ತಂದು ಕೆಲಸ ಅರ್ಧಕ್ಕೆ ಇಳಿಸಿದ್ದಾರೆ. ವರ್ಗಮೂಲ 2588ರ ಹತ್ತಿರ. ಅಷ್ಟರೊಳಗೆ ನೋಡಬೇಕಾದ್ದು 257, 641, 769, 1153, 1409 ಮಾತ್ರ. ಶೇಷಗಳು 170, 44, 120, 334, 622. ಯಾವುದೂ ಸೊನ್ನೆಯಲ್ಲ, ಅಂದರೆ ಅವಿಭಾಜ್ಯ.

ಇನ್ನು ಮೂಲ ಸಂಖ್ಯೆಯ ಜಾತಿ ಗುರುತು. ಎರಡೇ ಅವಿಭಾಜ್ಯಗಳ ಗುಣಲಬ್ಧ, ಹಾಗಾಗಿ ಸೆಮಿಪ್ರೈಮ್. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಬರೀ 6701059, ಸಂಖ್ಯೆಗಿಂತ ಕಡಿಮೆ, ಹಾಗಾಗಿ ನ್ಯೂನ ಸಂಖ್ಯೆ. ಬೈನರಿಯಲ್ಲಿ ಎರಡು ತುದಿಗೆ ಒಂದೊಂದು 1, ನಡುವೆ 31 ಸೊನ್ನೆ.

ನನಗೆ ಖುಷಿ ಕೊಟ್ಟಿದ್ದು ಬೇರೆ. ಇದು ಎರಡು ವರ್ಗಗಳ ಮೊತ್ತ ಅನ್ನುವುದು ನೋಡಿದರೇ ಗೊತ್ತಾಗುತ್ತದೆ: 65536ರ ವರ್ಗ, 1ರ ವರ್ಗ. ಆದರೆ 641 ಅಂದರೆ 25 ಮತ್ತು 4ರ ವರ್ಗಗಳು, 6700417 ಅಂದರೆ 2556 ಮತ್ತು 409ರ ವರ್ಗಗಳು. ಇವನ್ನು ಅಡ್ಡಡ್ಡ ಗುಣಿಸಿ ಕೂಡಿ ಕಳೆದರೆ ಇನ್ನೊಂದು ಜೋಡಿ ಸಿಗುತ್ತದೆ: 62264 ಮತ್ತು 20449. ಈ 20449 ತಾನೇ 143ರ ವರ್ಗ! ಇದನ್ನು ಹುಡುಕಿಕೊಂಡು ಹೋಗಿರಲಿಲ್ಲ.

ಮುಂದಿನ ಫರ್ಮಾ ಸಂಖ್ಯೆಗೆ 20 ಅಂಕಿ. ಅದರ ಚಿಕ್ಕ ಅಪವರ್ತನ 274177, ಅಂದರೆ 128ರ ಮಗ್ಗಿಯ 2142ನೇ ಸಾಲಿಗಿಂತ ಒಂದು ಜಾಸ್ತಿ. ಅದನ್ನು ಪೈಥಾನ್‌ಗೇ ಬಿಡುತ್ತೇನೆ.